ಗ್ಲುಟನ್-ಫ್ರೀ ಅಂತ ಬರೆದಿದ್ದ ಜೋಳದ ಹಿಟ್ಟೇ ರೀಕಾಲ್ ಆಯಿತು. ಇನ್ನು ಯಾವುದನ್ನು ನಂಬಿ ಮಗಳಿಗೆ ಕೊಡಲಿ?

ಫ್ರೀಮಾಂಟ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಎಂಟು ವರ್ಷ. ಅವಳಿಗೆ ಸೀಲಿಯಾಕ್ ಇದೆ ಅಂತ ಹೋದ ವರ್ಷ ಗೊತ್ತಾಯಿತು. ಗೋಧಿಯಂಥ ಧಾನ್ಯದಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್ ತಿಂದರೆ ಕರುಳಿಗೆ ಪೆಟ್ಟಾಗುವ ಕಾಯಿಲೆ ಅದು. ಅದಕ್ಕೆ ಮುಂಚೆ ಎಷ್ಟು ತಿಂದರೂ ತೂಕ ಹೆಚ್ಚುತ್ತಿರಲಿಲ್ಲ. ರಕ್ತ ಕಮ್ಮಿ. ಸಂಜೆಯಾದರೆ ಹೊಟ್ಟೆ ಹಿಡಿದುಕೊಂಡು ಸೋಫಾದ ಮೂಲೆಯಲ್ಲಿ ಮುದುಡಿ ಮಲಗುತ್ತಿದ್ದಳು. ಈ ಕಾಯಿಲೆಯ ಗುರುತು ಹುಡುಕುವ ಟಿಟಿಜಿ ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಎಲ್ಲ ಆಯಿತು. ಗೋಧಿ, ಬಾರ್ಲಿ, ರೈ ಮೂರನ್ನೂ ಮನೆಯಿಂದ ಹೊರಗೆ ಹಾಕಿದೆವು. ಈಗ ಮುಖದಲ್ಲಿ ಕಳೆ ಬಂದಿದೆ, ಶಾಲೆಯಲ್ಲಿ ಓಡಾಡಿಕೊಂಡಿದ್ದಾಳೆ.

ನನ್ನ ತವರಿನ ಕಡೆ ರಾಗಿ, ಅನ್ನ. ಯಜಮಾನರ ಮನೆ ಧಾರವಾಡದ ಕಡೆ. ಜೋಳದ ರೊಟ್ಟಿ ಇಲ್ಲದಿದ್ದರೆ ಅವರಿಗೆ ಊಟ ಮಾಡಿದ ಹಾಗೇ ಇರುವುದಿಲ್ಲ. ಹಾಗಾಗಿ ಚಪಾತಿ ಬಿಡುವುದು ನಮಗೆ ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಸರಿಯಾದ ಹಿಟ್ಟು ಹುಡುಕುವುದು. ಇಂಡಿಯನ್ ಅಂಗಡಿಯ ಜೋಳದ ಹಿಟ್ಟಿನ ಪ್ಯಾಕೆಟ್ ಹಿಂದೆ, ಗೋಧಿಯನ್ನೂ ಬಳಸುವ ಜಾಗದಲ್ಲಿ ತಯಾರಾಗಿದೆ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದಕ್ಕೇ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ ಅಂತ, ಮುಂದೆಯೇ ದೊಡ್ಡದಾಗಿ ಗ್ಲುಟನ್-ಫ್ರೀ ಅಂತ ಬರೆದಿದ್ದ ಒಂದು ಸಣ್ಣ ಕಂಪನಿಯ ಹಿಟ್ಟು ತರಿಸುತ್ತಿದ್ದೆ.

ಆ ಹಿಟ್ಟೇ ಈಗ ರೀಕಾಲ್ ಆಗಿದೆ, ಅಂದರೆ ಮಾರಿದ್ದನ್ನು ಕಂಪನಿ ವಾಪಸ್ ಕರೆದಿದೆ. ಲೇಬಲ್ಲಿನಲ್ಲಿ ಹೇಳದ ಗೋಧಿ ಇದೆಯಂತೆ. ಅಂಗಡಿಯವರ ಇಮೇಲ್ ಬರುವಷ್ಟರಲ್ಲಿ ಅರ್ಧ ಚೀಲ ಖಾಲಿ. ಮಧ್ಯೆ ಒಂದೆರಡು ವಾರ ಅವಳಿಗೆ ಹೊಟ್ಟೆನೋವು ಇತ್ತು. ಶಾಲೆಯಲ್ಲಿ ಎಲ್ಲರಿಗೂ ಇದ್ದ ಜ್ವರ ಅಂದುಕೊಂಡಿದ್ದೆವು. ಈಗ ಯಾವುದರಿಂದ ಅಂತ ಹೇಗೆ ಹೇಳುವುದು?

ಕಂಪನಿಗೆ ಫೋನ್ ಮಾಡಿದೆ. ಹೇಗೆ ಸೇರಿತು ಅಂತ ಕೇಳಿದರೆ ಮುನ್ನೆಚ್ಚರಿಕೆ ಕ್ರಮ ಅಂದರು. ಎಷ್ಟು ಇತ್ತು ಅಂತ ಕೇಳಿದರೂ ಮುನ್ನೆಚ್ಚರಿಕೆ ಕ್ರಮ. ಕೊನೆಗೆ ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಕಳಿಸುತ್ತೇವೆ ಅಂದರು. ಮಗುವಿನ ಕರುಳಿನ ವಿಷಯ ಮಾತಾಡುತ್ತಿದ್ದೇನೆ, ಇವರು ಕೂಪನ್ ಕೊಡುತ್ತಾರೆ. ಸಿಟ್ಟು ನೆತ್ತಿಗೇರಿತು.

ಆಮೇಲೆ ಸುಮ್ನೆ ಹುಡುಕುತ್ತಾ ಕೂತಾಗ ಹಾಲಿಗೆ ಹಾಕಿಕೊಂಡು ತಿನ್ನುವ ಚೀರಿಯೋಸ್ ಸೀರಿಯಲ್ಲಿನ 2015ರ ರೀಕಾಲ್ ಬಗ್ಗೆ ಓದಿದೆ. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ಇನ್ನು ಬೇರೆಯವರ ಗತಿ ಏನು? ಯಜಮಾನರು, ಪ್ಯಾಕೆಟ್ಟಿನ ಸಹವಾಸವೇ ಬೇಡ, ಅನ್ನ ಸಾರು ಮೊಸರು ಸಾಕು ಅನ್ನುತ್ತಾರೆ. ಆದರೆ ಎಂಟು ವರ್ಷದ ಮಗು ಶಾಲೆಗೆ ದಿನಾ ಅನ್ನ ಸಾರು ಒಯ್ಯುತ್ತದಾ? ಬೇರೆ ಮಕ್ಕಳ ಬರ್ತ್‌ಡೇಗೆ ಹೋಗಬೇಡ ಅನ್ನಲಿಕ್ಕಾಗುತ್ತದಾ?

ಗ್ಲುಟನ್-ಫ್ರೀ ಅನ್ನುವ ಬರಹದ ಹಿಂದೆ ನಿಜವಾಗಿ ಏನಿದೆ? ರೀಕಾಲ್ ಆದ ಕಂಪನಿಯನ್ನು ಪೂರ್ತಿ ಬಿಟ್ಟುಬಿಡಬೇಕಾ? ನೀವೆಲ್ಲ ಹೇಗೆ ನಿಭಾಯಿಸುತ್ತಿದ್ದೀರಿ ದಯವಿಟ್ಟು ಹೇಳಿ.

ಸ್ಟಾಕ್ಟನ್ ದಾವಣಗೆರೆ:

ಅಕ್ಕಾ, ಮೊದಲು ಮಗಳು ಈಗ ಹೇಗಿದ್ದಾಳೆ? ಹೊಟ್ಟೆನೋವು ಇನ್ನೂ ಇದ್ದರೆ ಅವಳ ಡಾಕ್ಟರಿಗೆ ಈ ರೀಕಾಲ್ ವಿಷಯ ಹೇಳಿ, ಟಿಟಿಜಿ ಮತ್ತೆ ಮಾಡಿಸಬೇಕಾ ಅಂತ ಕೇಳಿ. ಒಂದೆರಡು ದಿನ ಸ್ವಲ್ಪ ಗ್ಲುಟನ್ ಹೋಗಿದ್ದರೆ ಆ ಪರೀಕ್ಷೆಯಲ್ಲಿ ಕಾಣದೆ ಇರಬಹುದು. ತಿಂಗಳುಗಟ್ಟಲೆ ಹೋಗಿದ್ದರೆ ಸುಳಿವು ಸಿಗಬಹುದು.

ನಾನು ದಾವಣಗೆರೆಯವನು. ಇಲ್ಲಿ ಸ್ಟಾಕ್ಟನ್ ಹತ್ತಿರ ಒಂದು ಆಹಾರ ಪ್ಲಾಂಟಿನಲ್ಲಿ ಕ್ವಾಲಿಟಿ ಕೆಲಸ. ನೀವು ಓದಿದ ಚೀರಿಯೋಸ್ ಕಥೆ ನಡೆದ ಲೋಡೈ ನಮ್ಮ ಪಕ್ಕದ ಊರು. ನಾನು ಆ ಕಂಪನಿಯಲ್ಲಿ ಇರಲಿಲ್ಲ. ಆದರೆ ನಮ್ಮ ಕೆಲಸದವರ ನಡುವೆ ಆ ವಿಷಯ ಇವತ್ತಿಗೂ ಬರುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

2015ರ ಬೇಸಿಗೆಯಲ್ಲಿ ಜನರಲ್ ಮಿಲ್ಸ್ ಕಂಪನಿ ಚೀರಿಯೋಸ್ ಡಬ್ಬಿಗಳ ಮೇಲೆ ಗ್ಲುಟನ್-ಫ್ರೀ ಅಂತ ಹಾಕಲು ಶುರು ಮಾಡಿತು. ಚೀರಿಯೋಸ್ ಮುಖ್ಯವಾಗಿ ಓಟ್ಸ್. ಓಟ್ಸಿನಲ್ಲಿ ಗೋಧಿಯ ಗ್ಲುಟನ್ ಇಲ್ಲ. ಆದರೆ ಅಮೆರಿಕದ ಹೊಲದಲ್ಲಿ, ಲಾರಿಯಲ್ಲಿ, ಗೋದಾಮಿನಲ್ಲಿ ಅದು ಗೋಧಿ, ಬಾರ್ಲಿ ಜೊತೆಯಲ್ಲೇ ಓಡಾಡುತ್ತದೆ. ಕಂಪನಿ ಯಂತ್ರಗಳಲ್ಲಿ ಜರಡಿ ಹಿಡಿದು ಆ ಕಾಳುಗಳನ್ನು ಬೇರೆ ಮಾಡುತ್ತಿತ್ತು. ಅಲ್ಲಿಯವರೆಗೆ ಸರಿ.

ಲೋಡೈ ಪ್ಲಾಂಟಿಗೆ ಓಟ್ಸ್ ಹಿಟ್ಟು ರೈಲಿನಲ್ಲಿ ಬರುತ್ತಿತ್ತು. ಸ್ವಲ್ಪ ಸಮಯ ರೈಲು ಸಂಪರ್ಕ ತಪ್ಪಿತು. ಆಗ ಹಿಟ್ಟನ್ನು ರೈಲಿನಿಂದ ಲಾರಿಗೆ ತುಂಬಿ ತರಬೇಕಾಯಿತು. ಆ ಗಡಿಬಿಡಿಯಲ್ಲಿ ಗೋಧಿ ಹಿಟ್ಟು ಗ್ಲುಟನ್-ಫ್ರೀ ಓಟ್ಸ್ ಹಿಟ್ಟಿನ ವ್ಯವಸ್ಥೆಗೆ ಸೇರಿಬಿಟ್ಟಿತು. ಅಕ್ಟೋಬರ್ 5ರಂದು ಸುಮಾರು 18 ಲಕ್ಷ ಡಬ್ಬಿಗಳನ್ನು ವಾಪಸ್ ಕರೆದರು. ಜನರ ದೂರು ಬಂದ ಮೇಲೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 36 ಮಾದರಿ ಪರೀಕ್ಷಿಸಿತ್ತು. ಲೋಡೈಯ ಒಂದು ಮಾದರಿಯಲ್ಲಿ 43 ಪಿಪಿಎಂ ಗ್ಲುಟನ್ ಬಂತು. ಕಾನೂನಿನ ಮಿತಿ 20ಕ್ಕಿಂತ ಕಮ್ಮಿ ಇರಬೇಕು.

ಲಾರಿ ಬದಲಾದರೆ ಅಷ್ಟೊಂದು ಆಗುತ್ತದಾ ಅಂತ ಅನ್ನಿಸಬಹುದು. ಆಗುತ್ತದೆ ಅಕ್ಕಾ. ಹಿಟ್ಟಿನ ಟ್ಯಾಂಕರಿನಿಂದ ಪ್ಲಾಂಟಿನ ಸೈಲೋಗೆ, ಅಂದರೆ ಹಿಟ್ಟು ತುಂಬಿಡುವ ದೊಡ್ಡ ಗೋಪುರಕ್ಕೆ, ಹಿಟ್ಟನ್ನು ಗಾಳಿಯ ಒತ್ತಡದಲ್ಲಿ ಪೈಪಿನ ಮೂಲಕ ಊದುತ್ತಾರೆ. ಪೈಪಿನ ತುದಿಯಲ್ಲಿ ರಬ್ಬರ್ ವಾಷರ್ ಇರುತ್ತದೆ. ಟಾರ್ಚ್ ಹಾಕಿ ನೋಡಿದರೆ ಪೈಪ್ ಒಳಗೆ ಫಳಫಳ. ಅದೇ ವಾಷರನ್ನು ಬೆರಳಿನಿಂದ ಎಬ್ಬಿಸಿ ನೋಡಿ. ಅದರ ಹಿಂದಿನ ಸಂದಿಯಲ್ಲಿ ಹಳೆಯ ಹಿಟ್ಟು ತೇವ ಕುಡಿದು ಹಪ್ಪಳದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಟ್ಯಾಂಕರ್ ತೊಳೆದಿದ್ದೇವೆ ಅಂತ ಲಾರಿಯ ಜೊತೆ ಬರುವ ಚೀಟಿಯಲ್ಲಿ ಸಹಿ, ಸಮಯ ಎಲ್ಲ ಇರುತ್ತದೆ. ನಮ್ಮಲ್ಲಿ ಚೀಟಿ ನೋಡಿ ಬಿಡುವುದಿಲ್ಲ, ವಾಷರ್ ತೆಗೆಸಿ ಉಜ್ಜಿ ಪರೀಕ್ಷೆಗೆ ಮಾದರಿ (ಸ್ವಾಬ್) ತೆಗೆಯುತ್ತೇವೆ. ಡ್ರೈವರ್‌ಗಳಿಗೆ ಬೇಜಾರಾಗುತ್ತದೆ. ಆಗಲಿ. ದಿನವೂ ಇರುವ ದಾರಿ ತಪ್ಪಿ ಹೊಸ ದಾರಿಯಲ್ಲಿ ಮಾಲು ಬಂದಾಗಲೇ ಇಂಥದ್ದು ಆಗುವುದು.

ಈಗ 20 ಪಿಪಿಎಂ ಅಂದರೆ ಏನು? ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಗ್ಲುಟನ್. ಎಫ್‌ಡಿಎ ಈ ನಿಯಮವನ್ನು 2013ರಲ್ಲಿ ತಂದಿತು, 2014ರ ಆಗಸ್ಟಿನಿಂದ ಎಲ್ಲರೂ ಪಾಲಿಸಬೇಕಾಯಿತು. ಸೀಲಿಯಾಕ್ ಇರುವ ಬಹಳಷ್ಟು ಜನಕ್ಕೆ ದಿನಕ್ಕೆ 10 ಮಿಲಿಗ್ರಾಂ ಒಳಗೆ ಇದ್ದರೆ ತೊಂದರೆ ಆಗುವುದಿಲ್ಲ ಅನ್ನುವುದು ಡಾಕ್ಟರುಗಳ ಅಂದಾಜು. 2007ರ ಒಂದು ಅಧ್ಯಯನದಲ್ಲಿ ದಿನಾ 50 ಮಿಲಿಗ್ರಾಂ ಮೂರು ತಿಂಗಳು ತಿಂದವರ ಕರುಳಿಗೆ ಪೆಟ್ಟು ಬಿದ್ದಿದ್ದು ಕಂಡಿತು. ಲೆಕ್ಕ ಹಾಕಿ: 20 ಪಿಪಿಎಂ ಇರುವ ಆಹಾರ ಅರ್ಧ ಕಿಲೋ ತಿಂದರೆ 10 ಮಿಲಿಗ್ರಾಂ ಆಗುತ್ತದೆ. ಮಕ್ಕಳು ಒಂದೇ ದಿನ ಅಷ್ಟು ಪ್ಯಾಕೆಟ್ ತಿಂಡಿ ತಿನ್ನುವುದಿಲ್ಲ. ಹಾಗಾಗಿ ಮಿತಿ ಕೆಟ್ಟದ್ದಲ್ಲ. ಪ್ರಶ್ನೆ ಇರುವುದು ಮಿತಿಯೊಳಗೆ ಇದೆ ಅಂತ ಅವರು ಹೇಗೆ ತಿಳಿದುಕೊಳ್ಳುತ್ತಾರೆ ಅನ್ನುವುದರಲ್ಲಿ.

ಇದು ಬಹಳ ಜನಕ್ಕೆ ಗೊತ್ತಿಲ್ಲ: ಗ್ಲುಟನ್-ಫ್ರೀ ಅಂತ ಬರೆಯಲು ಎಫ್‌ಡಿಎ ಮೊದಲು ಒಪ್ಪಿಗೆ ಕೊಡುವುದಿಲ್ಲ. ಪರೀಕ್ಷೆ ಮಾಡಿಸಲೇಬೇಕು ಅಂತಲೂ ಇಲ್ಲ. ಕಂಪನಿಯೇ ತನ್ನ ಹೊಣೆಯಲ್ಲಿ ಬರೆಯುತ್ತದೆ. ಬರೆದ ಮೇಲೆ ಅದು ನಿಜವಾಗಿರಬೇಕು, ಅಷ್ಟೇ. ನಿಮ್ಮ ಸಣ್ಣ ಕಂಪನಿ ಪರೀಕ್ಷೆ ಮಾಡಿಸುತ್ತಿತ್ತಾ? ಅವರನ್ನು ಅದನ್ನೇ ನೇರವಾಗಿ ಕೇಳಿ.

ಪರೀಕ್ಷೆ ಮಾಡಿಸಿದರೂ ಹೇಗೆ ಮಾಡಿಸುತ್ತಾರೆ ಅನ್ನುವುದೂ ಮುಖ್ಯ. ಒಂದು ಗೋಧಿ ಕಾಳು ಸುಮಾರು 35 ಮಿಲಿಗ್ರಾಂ ತೂಗುತ್ತದೆ. ಅದರಲ್ಲಿ ಗ್ಲುಟನ್ ಹತ್ತರಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ, ಅಂದರೆ ಮೂರೂವರೆ ಮಿಲಿಗ್ರಾಂ. 40 ಗ್ರಾಂ ಓಟ್ಸ್ ಬಟ್ಟಲಿಗೆ ಅಂಥ ಒಂದೇ ಒಂದು ಕಾಳು ಬಿದ್ದರೆ ಆ ಬಟ್ಟಲು 80 ಪಿಪಿಎಂ ದಾಟುತ್ತದೆ. ಈಗ ಅದೇ ಬಟ್ಟಲನ್ನು ಚೊಕ್ಕವಾದ ಹನ್ನೊಂದು ಬಟ್ಟಲುಗಳ ಜೊತೆ ಸೇರಿಸಿ ಪುಡಿ ಮಾಡಿ ಪರೀಕ್ಷಿಸಿ. ಸುಮಾರು 7 ಪಿಪಿಎಂ ಬರುತ್ತದೆ. ಪಾಸ್! ಆದರೆ ಆ ಒಂದು ಬಟ್ಟಲು ಯಾವ ಮಗುವಿನ ಮುಂದೆ ಬಂತೋ ಆ ಮಗುವಿಗೆ ಸರಾಸರಿಯಿಂದ ಏನು ಉಪಯೋಗ? ಚೀರಿಯೋಸ್ ವಿಷಯದಲ್ಲಿ ಗ್ಲುಟನ್ ಫ್ರೀ ವಾಚ್‌ಡಾಗ್ ಅನ್ನುವ ಅಮೆರಿಕದ ಸಂಸ್ಥೆ ಎತ್ತಿದ ಆಕ್ಷೇಪಣೆ ಇದೇ. ಹಲವು ಡಬ್ಬಿಗಳನ್ನು ಒಟ್ಟು ಸೇರಿಸಿ ಸರಾಸರಿ ತೆಗೆಯಬೇಡಿ, ಒಂದೊಂದೂ ಮಿತಿಯೊಳಗೆ ಇರಬೇಕು ಅಂತ. ನನಗೆ ಅದು ನೂರಕ್ಕೆ ನೂರು ಸರಿ ಅನ್ನಿಸುತ್ತದೆ.

ಹಿಟ್ಟಿನಲ್ಲಿ ವಿಷಯ ಸ್ವಲ್ಪ ಬೇರೆ. ಕಾಳು ಪುಡಿಯಾಗಿ ಎಲ್ಲ ಕಡೆ ಹರಡುತ್ತದೆ. ಹಾಗಾಗಿ ನಿಮ್ಮ ಜೋಳದ ಹಿಟ್ಟಿನಂಥದ್ದರಲ್ಲಿ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ಮಾಡಿಸಿದ್ದರೆ!

ರೀಕಾಲ್ ಆದ ಕಂಪನಿಯನ್ನು ಬಿಡಬೇಕಾ ಅಂತ ಕೇಳಿದಿರಿ. ನನ್ನ ಅಭಿಪ್ರಾಯ ಇಷ್ಟು: ರೀಕಾಲ್ ಆಯಿತು ಅನ್ನುವುದಕ್ಕಿಂತ ಹೇಗೆ ಮಾಡಿದರು ಅನ್ನುವುದನ್ನು ನೋಡಿ. ಜನರಲ್ ಮಿಲ್ಸ್ ವಾಪಸ್ ಕರೆದಾಗ ಡಬ್ಬಿಯ ಕೋಡ್ ಸಮೇತ ಹೇಳಿತು. ಮಾಮೂಲಿ ಚೀರಿಯೋಸ್ ಇರುವ ಹಳದಿ ಡಬ್ಬಿಯಲ್ಲಿ ಬಳಸುವ ಕೊನೆಯ ತಾರೀಕು 2016ರ ಜುಲೈ 14ರಿಂದ 17, ಜೇನಿನ ರುಚಿಯ ಹನಿ ನಟ್‌ನಲ್ಲಿ ಜುಲೈ 12ರಿಂದ 25, ಎರಡರಲ್ಲೂ ಕೊನೆಗೆ ಲೋಡೈ ಪ್ಲಾಂಟಿನ ಗುರುತು ಎಲ್‌ಡಿ. ಮನೆಯಲ್ಲಿ ಇದ್ದ ಡಬ್ಬಿ ಎತ್ತಿ ಮೇಲೆ ನೋಡಿದರೆ ಆಯಿತು. ರೈಲು, ಲಾರಿ ವಿಷಯವನ್ನೂ ಅವರೇ ಹೇಳಿದರು. ಸೀರಿಯಲ್ ವಿಭಾಗದ ಮುಖ್ಯಸ್ಥರು ತಮ್ಮ ಹೆಸರಿನಲ್ಲೇ ಕ್ಷಮೆ ಕೇಳಿ ಬರೆದರು. ಸರಾಸರಿ ಲೆಕ್ಕದ ಬಗ್ಗೆ ನನಗೆ ಅವರ ಮೇಲೆ ತಕರಾರು ಇದೆ. ಆದರೆ ಏನಾಯಿತು ಅಂತ ತಿಳಿಸಿದ್ದಕ್ಕೆ ಮರ್ಯಾದೆ ಕೊಡಲೇಬೇಕು.

ನಿಮ್ಮ ಕಂಪನಿ ಕೂಪನ್ ಕೊಟ್ಟಿತು. ಕಾರಣ ಹೇಳಲಿಲ್ಲ. ಕಾರಣ ಗೊತ್ತಿಲ್ಲದಿದ್ದರೆ ಸರಿಪಡಿಸಲಿಕ್ಕೆ ಹೇಗೆ ಆಗುತ್ತದೆ? ಗೊತ್ತಿದ್ದೂ ಹೇಳದಿದ್ದರೆ ಇನ್ನೂ ಕಷ್ಟ. ನಾನಾಗಿದ್ದರೆ ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಅವರದ್ದನ್ನು ಮುಟ್ಟುವುದಿಲ್ಲ. ಇನ್ನೊಂದು ಮಾತು. ಇವತ್ತಿನವರೆಗೆ ಒಂದೂ ರೀಕಾಲ್ ಮಾಡದ ಕಂಪನಿ ಅಂದರೆ ಚೊಕ್ಕ ಅಂತ ಅರ್ಥ ಅಲ್ಲ. ಪರೀಕ್ಷೆಯನ್ನೇ ಮಾಡದವರಿಗೆ ಸಿಗುವುದೂ ಏನೂ ಇಲ್ಲ.

ಫ್ರೀಮಾಂಟ್ ಅಮ್ಮ:

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ ತಮ್ಮಾ. ಮಗಳು ಈಗ ಪರವಾಗಿಲ್ಲ. ಡಾಕ್ಟರಿಗೆ ಮೆಸೇಜ್ ಹಾಕಿದ್ದೇನೆ, ರಕ್ತ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ.

ಆ ಗೋಧಿ ಕಾಳಿನ ಲೆಕ್ಕ ಓದಿ ನಾನೂ ಯಜಮಾನರೂ ಸುಮಾರು ಹೊತ್ತು ಅದನ್ನೇ ಮಾತಾಡಿದೆವು. ಓಟ್ಸ್ ಸದ್ಯಕ್ಕೆ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಪ್ಯಾಕೆಟ್ ಮೇಲೆ ದುಂಡಗಿನ ಸರ್ಟಿಫಿಕೇಟ್ ಮುದ್ರೆ ಇರುತ್ತದಲ್ಲಾ, ಅದಕ್ಕೆ ಬೆಲೆ ಇದೆಯಾ? ನನ್ನ ಹಿಟ್ಟಿನ ಚೀಲದ ಮೇಲೆ ಅದು ಇರಲಿಲ್ಲ. ಬರೀ ಅಕ್ಷರ ಇತ್ತು.

ಸ್ಟಾಕ್ಟನ್ ದಾವಣಗೆರೆ:

ಬೆಲೆ ಇದೆ ಅಕ್ಕಾ. ಇಲ್ಲಿ ಜಾಸ್ತಿ ಕಾಣುವುದು ಗ್ಲುಟನ್-ಫ್ರೀ ಸರ್ಟಿಫಿಕೇಟ್ ಕೊಡುವ ಸಂಸ್ಥೆಯೊಂದರ, ಅಂದರೆ ಜಿಎಫ್‌ಸಿಒ ಮುದ್ರೆ. ಅವರ ಮಿತಿ 10 ಪಿಪಿಎಂ, ಕಾನೂನಿನ ಅರ್ಧ. ಹೊರಗಿನವರು ಪ್ಲಾಂಟಿಗೆ ಬಂದು ನೋಡುತ್ತಾರೆ, ದಾಖಲೆ ಕೇಳುತ್ತಾರೆ, ಕಚ್ಚಾ ಮಾಲು ಎಲ್ಲಿಂದ ಅಂತ ವಿಚಾರಿಸುತ್ತಾರೆ. ಅವರು ಬರುವ ದಿನ ಮಾತ್ರ ನೆಲ ಒರೆಸುವ ಪ್ಲಾಂಟುಗಳೂ ಇರಬಹುದು. ಆದರೂ ಯಾರೂ ನೋಡದೇ ಇರುವುದಕ್ಕಿಂತ ಎಷ್ಟೋ ವಾಸಿ. ಬರೀ ಅಕ್ಷರ ಇರುವ ಚೀಲ, ಮುದ್ರೆ ಇರುವ ಚೀಲ ಎರಡೂ ಎದುರಿಗಿದ್ದರೆ ನಾನು ಮುದ್ರೆ ಇರುವುದನ್ನೇ ತೆಗೆದುಕೊಳ್ಳುತ್ತೇನೆ.

ಮುದ್ರೆಯೂ ಇಲ್ಲ, ಗ್ಲುಟನ್-ಫ್ರೀ ಅಂತಲೂ ಬರೆದಿಲ್ಲ, ಆದರೆ ಇದು ಸ್ವಭಾವತಃ ಗೋಧಿ ಇಲ್ಲದ ಧಾನ್ಯ ತಾನೇ ಅಂದುಕೊಂಡು ತರುವುದು ಇದೆಯಲ್ಲಾ, ಅದರ ಬಗ್ಗೆ ಜಾಸ್ತಿ ಹುಷಾರಾಗಿರಿ. 2010ರಲ್ಲಿ ಅಮೆರಿಕದಲ್ಲಿ ಅಂಥ 22 ಧಾನ್ಯ, ಹಿಟ್ಟುಗಳನ್ನು ತಂದು ಪರೀಕ್ಷಿಸಿದರು. ಸಿರಿಧಾನ್ಯ, ಜೋಳ, ಸೋಯಾ ಎಲ್ಲ ಇದ್ದವು. 22ರಲ್ಲಿ 7 ಮಿತಿ ಮೀರಿದ್ದವು.

ಟೊರಾಂಟೊ ಕನ್ನಡತಿ:

ಚೀರಿಯೋಸ್ ಮಾತು ಬಂತಲ್ಲ, ಗಡಿ ಈಚೆಗಿನ ಕಥೆಯನ್ನೂ ಹೇಳುತ್ತೇನೆ. ನನಗೇ ಸೀಲಿಯಾಕ್. ಮೈಸೂರಿನಲ್ಲಿ ಇದ್ದಾಗ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದವಳು ನಾನು.

ಕೆನಡಾದಲ್ಲಿ 2015ರ ಮೇ ತಿಂಗಳವರೆಗೆ ಓಟ್ಸ್ ಮೇಲೆ ಗ್ಲುಟನ್-ಫ್ರೀ ಅಂತ ಬರೆಯುವ ಹಾಗೇ ಇರಲಿಲ್ಲ. ಆಮೇಲೆ ವಿಶೇಷವಾಗಿ ತಯಾರಿಸಿದ ಓಟ್ಸಿಗೆ ಮಾತ್ರ ಹೆಲ್ತ್ ಕೆನಡಾ ಅವಕಾಶ ಕೊಟ್ಟಿತು. ಸ್ವಲ್ಪ ದಿನಕ್ಕೆ ಇಲ್ಲಿಯ ಚೀರಿಯೋಸ್ ಡಬ್ಬಿಯ ಮೇಲೂ ಆ ಬರಹ ಬಂತು. ಕೆನಡಿಯನ್ ಸೀಲಿಯಾಕ್ ಅಸೋಸಿಯೇಷನ್ ಸುಮ್ಮನೆ ಕೂರಲಿಲ್ಲ. ಹೀಗೆ ಹೇಳಿಕೊಳ್ಳಲು ಸಾಕಷ್ಟು ಆಧಾರ ತೋರಿಸಿಲ್ಲ, ನಮ್ಮವರು ಯಾರೂ ಇದನ್ನು ತಿನ್ನಬೇಡಿ ಅಂತ ಬಹಿರಂಗವಾಗಿ ಹೇಳಿದರು. ದೂರು ಕೊಟ್ಟರು, ಪತ್ರ ಬರೆದರು, ಬಿಡದೆ ಹಿಂದೆ ಬಿದ್ದರು. ಕೊನೆಗೆ 2018ರ ಜನವರಿಯಿಂದ ಕೆನಡಾದ ಡಬ್ಬಿಗಳಲ್ಲಿ ಆ ಬರಹ ತೆಗೆಯಲು ಕಂಪನಿ ಒಪ್ಪಿತು. ನಿಮ್ಮ ಕಡೆ ಬರಹ ಉಳಿಯಿತು.

ಇದರಿಂದ ನನಗೆ ಧೈರ್ಯ ಬಂತು ಅಂತ ಹೇಳಬಲ್ಲೆ. ಯಾಕೆಂದರೆ ಅದು ರೀಕಾಲ್ ಅಲ್ಲ. ಇಂಥದ್ದೇ ಡಬ್ಬಿ ಹಾಳು ಅಂತ ಯಾರೂ ಹೇಳಿರಲಿಲ್ಲ. ಕಾಯಿಲೆ ಇರುವವರ ಸಂಘವೊಂದು ನಮಗೆ ಪೂರ್ತಿ ವಿವರ ಕೊಡಿ ಅಂತ ಪಟ್ಟು ಹಿಡಿದು ಕೂತಿತು, ಅದಕ್ಕೆ ಕಂಪನಿ ಮಣಿಯಿತು. ನಾವು ಅಂಗಡಿಯಲ್ಲಿ ಒಬ್ಬೊಬ್ಬರೇ ನಿಂತು ಲೇಬಲ್ ಓದುವಾಗ ಎಷ್ಟು ಅಸಹಾಯಕರು ಅನ್ನಿಸುತ್ತದೆ. ಆದರೆ ಸೇರಿ ಕೇಳಿದರೆ ನಡೆಯುತ್ತದೆ. ನೀವೂ ನಿಮ್ಮ ಕಡೆಯ ಸೀಲಿಯಾಕ್ ಗುಂಪಿಗೆ ಈ ಹಿಟ್ಟಿನ ವಿಷಯ ತಿಳಿಸಿ. ಇನ್ನೆಷ್ಟು ಮನೆಯಲ್ಲಿ ಆ ಚೀಲ ಇದೆಯೋ.

ಬರ್ತ್‌ಡೇ ಬಗ್ಗೆ ಒಂದು ಮಾತು. ಮಗಳನ್ನು ಖಂಡಿತ ಕಳಿಸಿ. ಅವಳದ್ದೇ ಕೇಕಿನ ತುಂಡು ಡಬ್ಬಿಯಲ್ಲಿ ಹಾಕಿ ಕಳಿಸಿ, ಅವರ ಕೇಕ್ ಯಾವ ಬಣ್ಣ ಅಂತ ಆ ಮಗುವಿನ ಅಮ್ಮನನ್ನು ಮೊದಲೇ ಕೇಳಿಕೊಂಡು ಅದೇ ಬಣ್ಣದ ಕ್ರೀಮ್ ಹಾಕಿ. ನನ್ನ ತಂಗಿ ಮಗನಿಗೆ ಕಡಲೆಕಾಯಿ ಅಲರ್ಜಿ, ಅವಳು ಹೀಗೇ ಮಾಡುತ್ತಾಳೆ. ಮಗುವಿಗೆ ತಾನು ಬೇರೆ ಅಂತ ಅನ್ನಿಸುವುದಿಲ್ಲ.

ರಾಜಾಜಿನಗರ:

ಮೇಡಂ, ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಸೀಲಿಯಾಕ್. ನಮ್ಮ ಕಡೆ ಇದು ಕಮ್ಮಿ. 2016ರಲ್ಲಿ ಬಂದ ದೇಶದ ಹಲವು ಕಡೆಯ ಅಧ್ಯಯನದಲ್ಲಿ ಉತ್ತರದಲ್ಲಿ ನೂರಕ್ಕೆ 1.23 ಜನರ ರಕ್ತದಲ್ಲಿ ಅದರ ಗುರುತು ಸಿಕ್ಕಿದರೆ, ದಕ್ಷಿಣದಲ್ಲಿ ಸಿಕ್ಕಿದ್ದು ಬರೀ 0.10. ಕಮ್ಮಿ ಇರುವುದು ಒಳ್ಳೆಯದೇ. ಆದರೆ ಇದರಿಂದಾಗಿ ಡಾಕ್ಟರುಗಳ ತಲೆಗೂ ಬೇಗ ಹೊಳೆಯುವುದಿಲ್ಲ, ಅಂಗಡಿಯವರಿಗಂತೂ ಗೊತ್ತೇ ಇಲ್ಲ. ಗ್ಲುಟನ್ ಇಲ್ಲದ್ದು ಬೇಕು ಅಂದರೆ ಸಕ್ಕರೆ ಕಾಯಿಲೆಯವರ ಬಿಸ್ಕತ್ ತೋರಿಸುತ್ತಾರೆ.

ಕಾನೂನು ಇಲ್ಲೂ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಪ್ರಕಾರ ಗ್ಲುಟನ್-ಫ್ರೀ ಅಂದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ವಾಪಸ್ ಕರೆಯುವುದು ಹೇಗೆ ಅನ್ನುವುದಕ್ಕೆ 2017ರ ನಿಯಮಗಳಿವೆ. ಲೇಬಲ್ ವಿಷಯದಲ್ಲಿ ಅಮೆರಿಕಕ್ಕಿಂತ ನಮ್ಮದೇ ಒಂದು ಕೈ ಮೇಲು ಅಂತ ಹೇಳಬೇಕು. ಅಲ್ಲಿ ಅಲರ್ಜಿ ಪಟ್ಟಿಯಲ್ಲಿ ಗೋಧಿ ಮಾತ್ರ, ಬಾರ್ಲಿ ಇಲ್ಲ. ಇಲ್ಲಿ 2020ರ ಲೇಬಲ್ ನಿಯಮದಲ್ಲಿ ಗೋಧಿ, ಬಾರ್ಲಿ, ರೈ, ಓಟ್ಸ್ ಎಲ್ಲವನ್ನೂ ಹೇಳಲೇಬೇಕು. ನೀವು ಅಲ್ಲಿ 'ಗೋಧಿ ಇದೆ' ಅನ್ನುವ ಸಾಲನ್ನು ಮಾತ್ರ ನೋಡಬೇಡಿ, ಪದಾರ್ಥಗಳ ಪಟ್ಟಿಯಲ್ಲಿ ಬಾರ್ಲಿ, ಮಾಲ್ಟ್ (ಸಾಮಾನ್ಯವಾಗಿ ಬಾರ್ಲಿಯದ್ದೇ) ಇದೆಯಾ ಅಂತ ಹುಡುಕಿ. ಊರಿಂದ ತರುವ ರೆಡಿ ರಾಗಿ ಮಾಲ್ಟ್ ಪುಡಿಯ ಪಟ್ಟಿಯನ್ನೂ ಓದಿ, ಕೆಲವರು ಗೋಧಿ ಸೇರಿಸಿರುತ್ತಾರೆ.

ಇಲ್ಲಿ ರೀಕಾಲ್ ಅಂದರೆ ಜನಕ್ಕೆ ನೆನಪಾಗುವುದು ಮ್ಯಾಗಿ. ಅದೂ 2015ರದ್ದೇ. ಜೂನ್‌ನಲ್ಲಿ ಸೀಸದ ವಿಷಯವಾಗಿ ವಾಪಸ್ ಹೋಯಿತು, ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧ ತೆಗೆಯಿತು, ಮರುಪರೀಕ್ಷೆಯಾಗಿ ನವೆಂಬರ್‌ನಲ್ಲಿ ಅಂಗಡಿಗೆ ಬಂತು. ಜನ ಮತ್ತೆ ತಿಂದರು. ಆದರೆ ನಮ್ಮಂಥವರ ಪರಿಸ್ಥಿತಿ ಬೇರೆ ಮೇಡಂ. ಅವರಿಗೆ ನೂಡಲ್ಸ್ ಬೇಡ ಅಂದರೆ ದೋಸೆ ಇದೆ. ನಮಗೆ ನಂಬುವ ಹಿಟ್ಟು ಒಂದೋ ಎರಡೋ. ಅದೂ ಕೈಬಿಟ್ಟರೆ ಅಡುಗೆಮನೆಯೇ ನಿಂತುಹೋಗುತ್ತದೆ.

ಅದಕ್ಕೇ ನಾವು ಹಿಟ್ಟು ಕೊಳ್ಳುವುದನ್ನೇ ಬಿಟ್ಟೆವು. ಕಾಳು ತಂದು ಮನೆಯಲ್ಲೇ ಬೀಸುತ್ತೇವೆ. ರಸ್ತೆ ಕೊನೆಯ ಫ್ಲೋರ್ ಮಿಲ್ಲಿಗೆ ಮೊದಲು ಹೋಗುತ್ತಿದ್ದೆ. ಮಿಲ್ಲಿನವರು ಬಹಳ ಒಳ್ಳೆಯವರು, ನಿಮ್ಮ ರಾಗಿ ಹಾಕುವ ಮುಂಚೆ ಕಲ್ಲು ತಟ್ಟಿ ಕೊಡುತ್ತೇನೆ ಸಾರ್ ಅನ್ನುತ್ತಿದ್ದರು. ಆದರೆ ಅಲ್ಲಿ ನಿಂತು ನೋಡಿ. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ಚೀಲ ಗೋಧಿಗೂ ಅದೇ, ರಾಗಿಗೂ ಅದೇ. ಗೋಡೆ, ಬಲ್ಬು, ಅವರ ರೆಪ್ಪೆ ಎಲ್ಲ ಬಿಳಿ. ಮೊದಲ ಎರಡು ಹಿಡಿ ಹಿಟ್ಟು ಬೇರೆ ತೆಗೆದರೆ ಸಾಕು ಅನ್ನುವುದು ಇಂಥ ಕಡೆ ನಡೆಯುವ ಮಾತಲ್ಲ. ಈಗ ಮನೆಯಲ್ಲೇ ಸಣ್ಣ ಮಿಲ್ ಇದೆ. ಅದರೊಳಗೆ ಗೋಧಿ ಒಂದು ಕಾಳೂ ಹೋಗಿಲ್ಲ.

ರಾಗಿಯಲ್ಲಿ ಒಂದು ಅನುಕೂಲ ಇದೆ. ಕಾಳು ಸಾಸಿವೆಯಷ್ಟು ಸಣ್ಣದು. ಸರಿಯಾದ ಜರಡಿ ಹಿಡಿದರೆ ರಾಗಿ ಕೆಳಗೆ ಬೀಳುತ್ತದೆ, ಗೋಧಿ ಕಾಳು ಬಂದಿದ್ದರೆ ಮೇಲೆ ಉಳಿಯುತ್ತದೆ. ಆಮೇಲೆ ನಾಲ್ಕು ನೀರಿನಲ್ಲಿ ತೊಳೆದರೆ ದೂಳೂ ಹೋಗುತ್ತದೆ. ಒಣಗಿಸಿ ಬೀಸುವುದು. ಜೋಳದ ಗಾತ್ರ ಗೋಧಿಗೆ ಹತ್ತಿರ, ಹಾಗಾಗಿ ಜರಡಿಯಿಂದ ಆಗುವುದಿಲ್ಲ. ತಟ್ಟೆಯಲ್ಲಿ ಹರಡಿ ಕೈಯಲ್ಲೇ ಆರಿಸಬೇಕು. ಗೋಧಿ ಉದ್ದ, ಮಧ್ಯೆ ಸೀಳು ಇರುತ್ತದೆ. ಜೋಳ ದುಂಡಗೆ. ನಮ್ಮ ಅತ್ತೆಗೆ ಕಣ್ಣು ಮಂಜಾಗಿದ್ದರೂ ಬೆರಳಿಗೇ ಗೊತ್ತಾಗುತ್ತದೆ.

ಒಂದು ಮುಖ್ಯ ವಿಷಯ. ಇಂಗು ಯಾವುದು ಬಳಸುತ್ತೀರಿ? ಪುಡಿ ಇಂಗಿನಲ್ಲಿ ಶುದ್ಧ ಇಂಗು ಸ್ವಲ್ಪವೇ ಇರುವುದು. ಉಳಿದದ್ದು ಗೋಂದು ಮತ್ತು ಹಿಟ್ಟು. ಆ ಹಿಟ್ಟು ಎಷ್ಟೋ ಬ್ರ್ಯಾಂಡಿನಲ್ಲಿ ಗೋಧಿಯದ್ದು ಇಲ್ಲವೇ ಮೈದಾ.

ಫ್ರೀಮಾಂಟ್ ಅಮ್ಮ:

ಇಂಗಿನ ವಿಷಯ ನಮ್ಮ ಡಯಟಿಷಿಯನ್ನಿಗೂ ಗೊತ್ತಿರಲಿಲ್ಲ ಸರ್! ಈಗಲೇ ಎದ್ದು ಹೋಗಿ ಡಬ್ಬಿ ನೋಡಿದೆ. ಹಳದಿ ಪುಡಿ ಇಂಗಿನಲ್ಲಿ ಗೋಧಿ ಹಿಟ್ಟು ಅಂತ ಸ್ಪಷ್ಟವಾಗಿ ಇದೆ. ಪುಣ್ಯಕ್ಕೆ ಮಗಳ ಸಾರಿಗೆ ನಾನು ಬೆಳ್ಳುಳ್ಳಿ ಒಗ್ಗರಣೆಯೇ ಹಾಕುವುದು, ಅವಳಿಗೆ ಇಂಗಿನ ವಾಸನೆ ಆಗುವುದಿಲ್ಲ. ಆದರೆ ಅತ್ತೆ ಕಳಿಸಿದ ಚಟ್ನಿಪುಡಿಗೆ ಏನು ಹಾಕಿದ್ದಾರೋ, ಇವತ್ತು ಫೋನ್ ಮಾಡಿ ಕೇಳುತ್ತೇನೆ.

ಯಜಮಾನರು ಈ ಉತ್ತರಗಳನ್ನೆಲ್ಲ ಓದಿ, ಮನೆ ಮಿಲ್ ತರಿಸೋಣ, ಜೋಳ ಆರಿಸುವುದು ನನ್ನ ಕೆಲಸ ಅಂದಿದ್ದಾರೆ. ಹೊರಗೆ ಕೊಳ್ಳುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಬ್ರೆಡ್, ಶಾಲೆಗೆ ಒಯ್ಯುವ ಕ್ರ್ಯಾಕರ್, ಇವನ್ನು ಮುದ್ರೆ ನೋಡಿ ತರುತ್ತೇನೆ. ಕಂಪನಿಗೆ ಪತ್ರ ಬರೆದಿದ್ದೇನೆ. ಗೋಧಿ ಹೇಗೆ ಸೇರಿತು, ಎಷ್ಟು ಪಿಪಿಎಂ ಇತ್ತು, ಯಾರು ಕಂಡುಹಿಡಿದರು, ಮುಂದೆ ಒಂದೊಂದು ಲಾಟ್, ಅಂದರೆ ಒಮ್ಮೆಗೆ ತಯಾರಾದ ಪ್ರತಿ ಕಂತನ್ನೂ, ಪರೀಕ್ಷೆ ಮಾಡುತ್ತೀರಾ. ಇಷ್ಟೇ. ಕೂಪನ್ ಬೇಡ ಅಂತಲೂ ಬರೆದೆ.

ಉಳಿದ ಅರ್ಧ ಚೀಲ ಏನು ಮಾಡಲಿ? ಮನೆಯಲ್ಲಿ ಇಟ್ಟುಕೊಳ್ಳಲೂ ಮನಸ್ಸಿಲ್ಲ.

ಸ್ಟಾಕ್ಟನ್ ದಾವಣಗೆರೆ:

ಎಸೆಯಬೇಡಿ ಅಕ್ಕಾ. ಎರಡು ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ, ಅಡುಗೆಮನೆಯಿಂದ ದೂರ, ಗರಾಜಿನಲ್ಲಿ ಇಡಿ. ಮೇಲೆ ದಪ್ಪ ಅಕ್ಷರದಲ್ಲಿ ತಿನ್ನಬಾರದು ಅಂತ ಬರೆಯಿರಿ. ಲಾಟ್ ನಂಬರ್, ತಾರೀಕು ಎರಡೂ ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ. ಕೊಂಡ ರಸೀದಿಯೂ ಇರಲಿ. ಹಿಟ್ಟು ಇದ್ದ ಡಬ್ಬ, ರೊಟ್ಟಿ ಕಲಸುವ ಮರದ ಮರಿಗೆ ಇದ್ದರೆ ಅದನ್ನೂ ಬೇರೆ ಮಾಡಿ. ಮರದ ಬಿರುಕಿನಲ್ಲಿ ಸೇರಿದ ಹಿಟ್ಟು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಆಮೇಲೆ ಎಫ್‌ಡಿಎಗೆ ದೂರು ಕೊಡಿ. ಗ್ರಾಹಕರು ಹೇಗೆ ದೂರು ಕೊಡಬೇಕು ಅನ್ನುವುದು ಅವರ ಸೈಟಿನಲ್ಲೇ ಸಿಗುತ್ತದೆ. ರೀಕಾಲ್ ಆಗಿಹೋಗಿದೆಯಲ್ಲ ಇನ್ನೇನು ದೂರು ಅಂದುಕೊಳ್ಳಬೇಡಿ. ಮಗು ಯಾವ ದಿನದಿಂದ ಯಾವ ದಿನದವರೆಗೆ ತಿಂದಳು, ಏನಾಯಿತು, ಡಾಕ್ಟರ್ ಏನಂದರು ಅಂತ ಹೇಳಿ. ಲೋಡೈ ವಿಷಯದಲ್ಲೂ ಎಫ್‌ಡಿಎ ಡಬ್ಬಿ ತಂದು ಪರೀಕ್ಷಿಸಿದ್ದು ಹೀಗೆ ಜನ ಫೋನ್ ಮಾಡಿ ಹೇಳಿದ ಮೇಲೆಯೇ. ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇವೆ.